ಶೆಟ್ಟರ ಮನೆಯ ಸಾರು

ಮರಿಶೆಟ್ಟರ ಮನೆಯ ಸಾರು ಸಪ್ಪಗಾಗಿದೆ ಎಂದು ಮೊದಲು ಕಂಡುಹಿಡಿದವನು ಶೆಟ್ಟರ ಮನೆಯ ಹೊಸ್ತಿಲನ್ನು ಎಂದೂ ತುಳಿದವನಲ್ಲ. ಹೆಂಡತಿಯ ಹೆರಿಗೆಗೆಂದು ದೂರದ ಹಟ್ಟಿಯಿಂದ ಬಂದು, ದೊಡ್ಡಾಸ್ಪತ್ರೆಯ ಜಗಲಿಯ ಮೇಲೆ ಮಲಗಿ ಏಳುತ್ತಿದ್ದ ಒಬ್ಬ ಕುರಿ ಕಾಯುವವನು. ನಮ್ಮ ಊಟದ ಮನೆಯಲ್ಲಿ ಮೊದಲ ಪಂಕ್ತಿಗೆ ಕೂತು ಎರಡು ತುತ್ತು ಉಂಡವನೇ ಕೈ ತಡೆದು, ಬಡಿಸುತ್ತಿದ್ದ ನನ್ನನ್ನು ನೋಡಿ, ಇವತ್ತು ಬೇರೆ ಯಾರಾದರೂ ಕೊಟ್ಟರಾ ಎಂದು ಕೇಳಿದ. ಇಲ್ಲಪ್ಪ, ಶೆಟ್ಟರ ಮನೆಯದೇ ಎಂದೆ. ಅವನು ಇನ್ನೊಂದು ತುತ್ತು ಬಾಯಿಗಿಟ್ಟು, ಪಾಪ ಅವರ ಮನೆಯಲ್ಲಿ ಏನಾಯಿತೋ ಎಂದು ಗೊಣಗಿ ಊಟ ಮುಂದುವರಿಸಿದ. ಹಸಿದು ಬಂದವರು ಸಾರನ್ನು ದೂರುವುದಿಲ್ಲ. ಆದರೆ ಸಾರು ಉಂಡು ಕೊಟ್ಟವರ ಕ್ಷೇಮಸಮಾಚಾರ ವಿಚಾರಿಸುವುದನ್ನು ನಮ್ಮೂರಿಗೆ ಬಂದವರು ಬಂದೆರಡು ದಿನದಲ್ಲೇ ಕಲಿತುಬಿಡುತ್ತಾರೆ.

ನಾನು ಪದ್ಮಾವತಿ. ಊರಿನವರ ಬಾಯಲ್ಲಿ ಪದ್ದಕ್ಕ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ಮೇಲೆ, ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಎಂದು ಊಟದ ಮನೆಯ ಕಾರ್ಯದರ್ಶಿಯಾದವಳು. ಆಸ್ಪತ್ರೆಯಲ್ಲಿ ರೋಗಿಗೆ ಗಂಜಿ ಕೊಡುತ್ತಾರೆ, ಬ್ರೆಡ್ಡು ಕೊಡುತ್ತಾರೆ. ರೋಗಿಯ ಜೊತೆ ಬಂದವರಿಗೂ ಒಂದು ಹೊಟ್ಟೆ ಇರುತ್ತದೆ ಎನ್ನುವುದು ಯಾರ ನೆನಪಿಗೂ ಬರುವುದಿಲ್ಲ. ಅಂಥವರಿಗೆ ಮಧ್ಯಾಹ್ನ ಒಂದು ಹೊತ್ತು ಊಟ ಹಾಕಲೆಂದು ನಮ್ಮ ಹಿರಿಯರು ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಹೆಂಚಿನ ಮನೆ ಕಟ್ಟಿಸಿದರು. ಕಟ್ಟಡ ಕಟ್ಟಿಸುವುದು ಸುಲಭ. ಅದರೊಳಗೆ ದಿನಾ ಒಲೆ ಹೊತ್ತಿಸುವುದು ಎಷ್ಟು ಕಷ್ಟ ಎನ್ನುವುದನ್ನು ಮಾತ್ರ ಅವರು ನಮಗೆ ಬಿಟ್ಟು ಹೋದರು.

ನಮ್ಮೂರಿನಲ್ಲಿ ದಾನದ ಅಡುಗೆ ಕೊಟ್ಟವರ ಮನೆಯ ರುಚಿ ಹಿಡಿಯುತ್ತದೆ. ಅಕ್ಕಿ ಕೊಟ್ಟರೂ ಅಷ್ಟೆ, ದುಡ್ಡು ಕೊಟ್ಟರೂ ಅಷ್ಟೆ. ಸ್ವಂತದ್ದನ್ನು ಸ್ವಂತ ಒಲೆಯ ಮೇಲೆ ಬೇಯಿಸಿಕೊಂಡರೆ ಏನೂ ಇಲ್ಲ. ದಾನದ್ದು ನಮ್ಮ ಕೊಪ್ಪರಿಗೆಗೆ ಬಿತ್ತೋ, ಕೊಟ್ಟವರ ಮನೆಯಲ್ಲಿ ಅವತ್ತು ಅಡುಗೆ ಹೇಗಾಗಿದೆಯೋ ಇಲ್ಲೂ ಹಾಗೇ. ನಮ್ಮ ಅಡುಗೆಯ ಚೌಡಪ್ಪ ಹಿಡಿಗಟ್ಟಲೆ ಖಾರದಪುಡಿ ಸುರಿದರೂ, ಕೊಟ್ಟವರ ಮನೆಯಲ್ಲಿ ಖಾರ ತಿನ್ನದಿದ್ದರೆ ಸಾರು ಕೂಸಿಗೆ ಕಲಸಿದ ಅನ್ನದ ಹಾಗಿರುತ್ತಿತ್ತು. ನಾನೇನಿದ್ದರೂ ಬೆಂಕಿ ಕಾಯುವವನು, ಅಡುಗೆಯವನು ಎನ್ನುವುದು ಬರೀ ಹೆಸರಿಗೆ ಎಂದು ಅವನು ಹಲುಬುತ್ತಿದ್ದ.

ಇದನ್ನು ಊರಿನವರು ತಮ್ಮ ಅನುಕೂಲಕ್ಕೂ ಬಳಸಿಕೊಂಡಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋಗುವ ಮೊದಲು, ಆ ಮನೆಯವರಿಂದ ಊಟದ ಮನೆಗೆ ಒಂದು ದಿನದ ಊಟ ಕೊಡಿಸುತ್ತಿದ್ದರು. ಆಮೇಲೆ ಯಾರಿಗೂ ಹೇಳದೆ ತಾವೇ ಬಂದು ಆಸ್ಪತ್ರೆಯವರ ಜೊತೆ ಪಂಕ್ತಿಯಲ್ಲಿ ಕೂರುತ್ತಿದ್ದರು. ಹುಡುಗನ ಸಂಬಳ ಎಷ್ಟು, ಮನೆ ಎಷ್ಟು ಅಂಕಣದ್ದು ಎನ್ನುವುದೆಲ್ಲ ಆಮೇಲಿನ ಮಾತು. ಆ ಮನೆಯ ಹೆಂಗಸರು ಹೆದರಿಕೊಂಡು ಅಡುಗೆ ಮಾಡುತ್ತಾರೋ ನಗುನಗುತ್ತ ಮಾಡುತ್ತಾರೋ ಎನ್ನುವುದು ಪಲ್ಯದಲ್ಲೇ ತಿಳಿದುಹೋಗುತ್ತಿತ್ತು. ಹೀಗಾಗಿ ಮದುವೆಯ ಕಾಲದಲ್ಲಿ ನಮ್ಮಲ್ಲಿ ಪಾಯಸದ ಮೇಲೆ ಪಾಯಸ. ಆ ಕಾಲ ಕಳೆಯಿತೆಂದರೆ ಉಗ್ರಾಣದ ಹೆಗ್ಗಣಗಳು ಕೂಡ ಬೇಜಾರಾಗಿ ಬೇರೆ ಕಡೆ ಹೋಗುತ್ತಿದ್ದವು.

ಉಳಿದ ದಿನಗಳಿಗೆ ಹಿಡಿ ಅಕ್ಕಿ. ಊರಿನ ಪ್ರತಿ ಮನೆಯಲ್ಲೂ ಅನ್ನಕ್ಕಿಡುವ ಮೊದಲು ಹೆಂಗಸರು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ವಾರಕ್ಕೊಮ್ಮೆ ನಾವು ಹೋಗಿ ಚೀಲಕ್ಕೆ ಸುರಿದುಕೊಂಡು ಬರುತ್ತಿದ್ದೆವು. ಅಷ್ಟು ಮನೆಯ ಅಕ್ಕಿ ಬೆರೆತಾಗ ಯಾರ ಮನೆಯೂ ಎದ್ದು ಕಾಣುತ್ತಿರಲಿಲ್ಲ. ಆಗ ಮಾತ್ರ ಚೌಡಪ್ಪನ ಕೈ ಸ್ವಲ್ಪ ಹೊರಬರುತ್ತಿತ್ತು. ಖಾರದ ಕೈ ಅದು, ಉಂಡವರು ಮೂಗು ಒರೆಸಿಕೊಳ್ಳುತ್ತ ಎದ್ದು ಹೋಗುತ್ತಿದ್ದರು. ಹಿಡಿ ಅಕ್ಕಿ ಕೊಟ್ಟ ಮನೆಯವರು ಯಾರು ಬೇಕಾದರೂ ತಿಂಗಳ ಸಭೆಗೆ ಬರಬಹುದಿತ್ತು. ಬರುತ್ತಲೂ ಇದ್ದರು. ಹೂವು ಮಾರುವವಳು ಬದನೆಕಾಯಿ ಯಾಕೆ ದುಬಾರಿ ತಂದಿರಿ ಎಂದು ಕೇಳುತ್ತಿದ್ದಳು, ಕ್ಷೌರದವನು ಅದಕ್ಕೆ ಉತ್ತರ ಕೊಡುತ್ತಿದ್ದ, ಉತ್ತರ ಸರಿಯಿಲ್ಲ ಎಂದು ಇನ್ನೊಬ್ಬರು ಎದ್ದು ನಿಲ್ಲುತ್ತಿದ್ದರು. ಸಭೆ ಮುಗಿಸಿ ಬಂದರೆ ನನಗೆ ತಲೆನೋವು.

ಬೇರೆ ದಾರಿ ನೋಡಲಿಲ್ಲವೆಂದಲ್ಲ. ಒಮ್ಮೆ ಪುರಸಭೆಯಿಂದ ಅನುದಾನ ತಂದೆವು. ಅದು ಬರುವಷ್ಟರಲ್ಲಿ ನಮ್ಮ ಚಪ್ಪಲಿ ಸವೆದಿದ್ದವು. ಬಂದ ಮೇಲೆ ಮಾಡಿದ ಅನ್ನ ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದರೂ ಬಾಯಿಗಿಟ್ಟರೆ ತಣ್ಣಗಿರುತ್ತಿತ್ತು. ಇನ್ನೊಮ್ಮೆ ಬಾಗಿಲಲ್ಲಿ ಡಬ್ಬಿ ಇಟ್ಟು, ಉಂಡವರು ಇಷ್ಟಬಂದಷ್ಟು ಹಾಕಲಿ ಎಂದೆವು. ಮರುದಿನದ ಊಟಕ್ಕೆ ಅವರವರ ಮನೆಗಳ ರುಚಿಯೇ ಬಂತು. ಮನೆ ಮಕ್ಕಳನ್ನು ಬಿಟ್ಟು ಬಂದ ಜನ ತುತ್ತು ಕೈಯಲ್ಲಿ ಹಿಡಿದು ಕಣ್ಣು ತುಂಬಿಕೊಂಡು ಕೂತರು. ಅರ್ಧಕ್ಕರ್ಧ ಎಲೆಯಲ್ಲೇ ಉಳಿಯಿತು. ಡಬ್ಬಿಯನ್ನು ಅವತ್ತೇ ಒಳಗೆ ತೆಗೆದಿಟ್ಟೆ.

ಅಂಥದ್ದರಲ್ಲಿ ಒಂದು ಮಳೆಗಾಲ ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ಮದುವೆಗಳಿಲ್ಲ, ಹಿಡಿ ಅಕ್ಕಿ ಅರ್ಧಕ್ಕಿಳಿಯಿತು, ಕೆಲವು ದಿನ ಬಾಗಿಲು ಹಾಕಬೇಕಾಯಿತು. ಮೊಮ್ಮಗನನ್ನು ಆಸ್ಪತ್ರೆಗೆ ಸೇರಿಸಿ ಬಂದಿದ್ದ ಮುದುಕಿಯೊಬ್ಬಳು ಮುಚ್ಚಿದ ಬಾಗಿಲ ಮುಂದೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಇವತ್ತು ಇಲ್ಲ ತಾಯಿ ಎಂದರೆ, ತಡವಾದರೂ ಪರವಾಗಿಲ್ಲ ಕೂತಿರ್ತೀನಿ ಅಂದಳು. ನಮ್ಮ ಖಜಾಂಚಿ ವಾಮನರಾಯರು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸಾಧು ಮನುಷ್ಯ. ನಿದ್ದೆ ಬರುತ್ತಿಲ್ಲ ಟೀಚರಮ್ಮ, ನನ್ನಿಂದಾಗಲ್ಲ ಎಂದು ಅವರು ನನ್ನ ಮುಂದೆ ಕೈಚೆಲ್ಲಿದರು.

ಆ ವಾರವೇ ಮರಿಶೆಟ್ಟರು ಬಂದರು. ಬೆಲ್ಲದ ಮಂಡಿಯ ಯಜಮಾನರು. ದೊಡ್ಡ ಹೊಟ್ಟೆ, ದೊಡ್ಡ ನಗು, ಕೊಡುವ ಕೈಯೂ ದೊಡ್ಡದೇ. ವರ್ಷಪೂರ್ತಿ ನಾನೇ ನಡೆಸುತ್ತೇನೆ, ಒಂದು ದಿನವೂ ಬಾಗಿಲು ಹಾಕಬೇಡಿ ಎಂದರು. ಅವರು ಕೇಳಿದ್ದು ಒಂದೇ, ಬೇರೆ ಯಾರದ್ದನ್ನೂ ಬೆರೆಸಬಾರದು. ಅದಕ್ಕೆ ಕಾರಣವೂ ಇತ್ತು. ಅವರ ಹೆಂಡತಿ ಅಚ್ಚಮ್ಮನವರ ಕೈಯಡುಗೆ ಊರಿಗೇ ಹೆಸರಾಗಿತ್ತು. ಅವರ ಮನೆಯ ಮದುವೆ ಮುಂಜಿಗೆ ಹೋಗಿ ಬಂದವರು ಆ ಸಾರಿನ ಮಾತನ್ನು ತಿಂಗಳುಗಟ್ಟಲೆ ಆಡುತ್ತಿದ್ದರು. ಅಂಥ ಸಾರಿಗೆ ಇನ್ನೊಬ್ಬರ ಮನೆಯ ನೀರು ಬೆರೆಯುವುದು ಶೆಟ್ಟರಿಗೆ ಬೇಡ. ಸಮಿತಿಯವರೆಲ್ಲ ಒಪ್ಪಿದೆವು. ನಾನೂ ಒಪ್ಪಿದೆ, ಆ ಮುದುಕಿಯ ತಟ್ಟೆ ನೋಡಿದ ಯಾರೂ ಬೇಡ ಎನ್ನುತ್ತಿರಲಿಲ್ಲ.

ಆಮೇಲಿನದು ಸುಖದ ಕಾಲ. ಮಧ್ಯಾಹ್ನವಾದರೆ ಆಸ್ಪತ್ರೆಯ ಜಗಲಿಯೆಲ್ಲ ಒಗ್ಗರಣೆಯ ಘಮ. ಹುರುಳಿ ಬಸ್ಸಾರು ಇದ್ದ ದಿನ ಡಾಕ್ಟರೂ ಒಂದು ಬಟ್ಟಲು ಕಳಿಸಿ ಅಂತ ಹೇಳಿ ಕಳಿಸುತ್ತಿದ್ದರು. ವಾಮನರಾಯರಿಗೆ ನಿದ್ದೆ ಬರತೊಡಗಿತು. ಶೆಟ್ಟರನ್ನು ಅಧ್ಯಕ್ಷರನ್ನಾಗಿ ಮಾಡಿದೆವು, ಮಾಡದೆ ಇರುವುದಕ್ಕೆ ಮುಖವೂ ಇರಲಿಲ್ಲ. ಹಿಡಿ ಅಕ್ಕಿಯ ಮಡಕೆಗಳು ಮನೆಮನೆಯ ಅಟ್ಟ ಸೇರಿದವು. ಅದರ ಜೊತೆಗೆ ಜನ ಸಭೆಗೆ ಬರುವುದೂ ನಿಂತಿತು. ಯಾರೂ ಬರಬೇಡಿ ಎಂದಿರಲಿಲ್ಲ. ದಾರಿಯಲ್ಲಿ ಸಿಕ್ಕ ಹೂವಿನವಳನ್ನು ಯಾಕೆ ಕಾಣೆ ಎಂದು ಕೇಳಿದರೆ, ಒಂದು ಹಿಡಿಯೂ ಕೊಡದೆ ಬಂದು ಹೆಂಗಕ್ಕ ಬಾಯಿ ಬಿಡೋದು ಅಂದಳು. ಕಾಫಿ ಆರುವ ಮೊದಲೇ ಸಭೆ ಮುಗಿಯುತ್ತಿತ್ತು. ನನಗೆ ತಲೆನೋವು ಬರಲಿಲ್ಲ. ನೆಮ್ಮದಿಯಾಗಿಯೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಆಗಲೇ ಸಾರು ಸಪ್ಪಗಾದದ್ದು. ಕುರಿ ಕಾಯುವವನು ಹೇಳಿದ ದಿನ ಉಪ್ಪು ಮರೆತಿರಬೇಕು ಎಂದುಕೊಂಡೆವು. ಮರುದಿನವೂ ಹಾಗೇ. ಉಪ್ಪು ಹೆಸರಿಗೆ, ಹುಳಿಯಿಲ್ಲ, ಒಗ್ಗರಣೆ ಇಲ್ಲವೇ ಇಲ್ಲ. ಚೌಡಪ್ಪ ಒಂದು ಸೇರು ಉಪ್ಪು ಹಾಕಿ ನೋಡಿದ, ಅದು ಎಲ್ಲಿ ಹೋಯಿತೋ. ವಾರಗಳು ಹೋದವು. ಉಣ್ಣುವವರು ನಮ್ಮ ಮನಸ್ಸು ನೋಯಿಸಬಾರದೆಂದು ಎಲೆ ಮಡಚಿ ಅನ್ನ ಮುಚ್ಚಿಡತೊಡಗಿದರು. ಒಬ್ಬೊಬ್ಬರೇ ಆಸ್ಪತ್ರೆ ಗೇಟಿನ ಬನ್ನಿನ ಅಂಗಡಿಗೆ ತಿರುಗಿಕೊಂಡರು. ಔಷಧಿಗೇ ಸಾಕಾಗದ ದುಡ್ಡಿನಲ್ಲಿ ಬನ್ನು ಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಊರಿನಲ್ಲಿ ಅದಕ್ಕೆ ಅರ್ಥ ಹಚ್ಚದೆ ಬಿಡುತ್ತಾರೆಯೇ? ಶೆಟ್ಟರ ಮಂಡಿ ಮುಳುಗಿತಂತೆ, ಮನೆಯಲ್ಲಿ ಉಪ್ಪಿಗೂ ಗತಿಯಿಲ್ಲವಂತೆ ಎಂದು ಸುದ್ದಿ ಹಬ್ಬಿತು. ಆಲೆಮನೆಯವರು ಬೆಲ್ಲ ಇಳಿಸುವ ಮೊದಲೇ ದುಡ್ಡು ಕೇಳಲು ಶುರುಮಾಡಿದರು. ಶೆಟ್ಟರಿಗೆ ಈ ಮಾತು ಮುಟ್ಟಿದ್ದು ಎಲ್ಲರಿಗಿಂತ ಕೊನೆಗೆ. ಸಾರಿನ ವಿಷಯವನ್ನಂತೂ ಅವರ ಮುಂದೆ ಯಾರೂ ಎತ್ತಲೇ ಇಲ್ಲ. ಮನೆಯಲ್ಲಿ ಸಪ್ಪೆ ಸಾರು ಉಣ್ಣುತ್ತಿದ್ದ ಅವರು ತಮ್ಮ ನಾಲಿಗೆಯೇ ಕೆಟ್ಟಿತು ಎಂದು ತಿಳಿದು, ಯಾರಿಗೂ ಹೇಳದೆ ವೈದ್ಯರ ಬಳಿ ಹೋಗಿ, ದಿನಾ ಬೆಳಿಗ್ಗೆ ನಿಂಬೆಹಣ್ಣಿನ ಸಿಪ್ಪೆಯಿಂದ ನಾಲಿಗೆ ಉಜ್ಜಿಕೊಳ್ಳುತ್ತಿದ್ದರು.

ಮಂಡಿಯ ಮಾತು ಕಿವಿಗೆ ಬಿದ್ದಾಗ ಅವರಿಗೆ ರೋಷ ಬಂತು. ಊಟದ ಮನೆಗೆ ಬಂದು ಎಲ್ಲರ ಮುಂದೆ ಹೇಳಿದರು, ತಮ್ಮ ಉಗ್ರಾಣಗಳ ಬಾಡಿಗೆಯನ್ನು ಊಟದ ಮನೆಯ ಹೆಸರಿಗೆ ಶಾಶ್ವತವಾಗಿ ಬರೆದುಕೊಡುತ್ತೇನೆ ಎಂದು. ತಾವು ಸತ್ತರೂ ಒಲೆ ಆರಬಾರದು. ಮುಂದಿನ ಸಭೆಯಲ್ಲಿ ರುಜು. ಆದರೆ ಪತ್ರದಲ್ಲಿ ಒಂದು ಮಾತು ಇರಬೇಕು, ಇನ್ನು ಮುಂದೆ ಯಾವ ಕಾಲಕ್ಕೂ ಇನ್ನೊಬ್ಬರ ಮನೆಯ ಅಕ್ಕಿ ಇಲ್ಲಿ ಬೆರೆಯಕೂಡದು. ವಾಮನರಾಯರು ಎದ್ದು ನಿಂತು ಕೈಮುಗಿದರು. ಇನ್ನು ನಾನು ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು ಎಂದು ಆಮೇಲೆ ನನ್ನ ಹತ್ತಿರ ಅಂದರು. ನಾನು ನೋಡಿದ್ದು ಮಾತ್ರ ಚೌಡಪ್ಪನ ಮುಖವನ್ನು. ಕೊಪ್ಪರಿಗೆಯ ತುಂಬ ಉಳಿದಿದ್ದ ಅನ್ನವನ್ನು ದನಗಳಿಗೆ ಹಾಕಲು ಅವನು ಹೊತ್ತುಕೊಂಡು ಹೋಗುತ್ತಿದ್ದ.

ಯಾರೂ ಉಣ್ಣದ ಊಟ ಶಾಶ್ವತವಾಗಿ ಸಿಕ್ಕಿ ಏನು ಬಂತು ಎಂದು ಯೋಚಿಸಿ, ಮರುದಿನ ಬೆಳಿಗ್ಗೆ ಅಚ್ಚಮ್ಮನವರನ್ನು ಕಾಣಲು ಹೋದೆ. ಶೆಟ್ಟರು ಮಂಡಿಗೆ ಹೋಗಿದ್ದರು. ಅಚ್ಚಮ್ಮ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದರು. ಸಣ್ಣ ಆಳಿನ, ಮೆಲುಮಾತಿನ ಹೆಂಗಸು. ನಾನು ಒಂದಿಷ್ಟು ಅಡ್ಡಮಾತಾಡಿ, ಕೊನೆಗೆ ಸಂಕೋಚ ಬಿಟ್ಟು, ಜನ ಉಣ್ಣದೆ ಎದ್ದು ಹೋಗುತ್ತಿದ್ದಾರೆ, ನಿಮ್ಮ ಆರೋಗ್ಯ ಸರಿಯಿದೆಯಾ, ಉಪ್ಪು ಖಾರ ಸ್ವಲ್ಪ ಜಾಸ್ತಿ ಹಾಕಲಾಗುತ್ತದೆಯಾ ಎಂದು ಕೇಳಿದೆ. ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಆರೋಗ್ಯವಾಗಿದ್ದೇನೆ, ಬೇಕೆಂದೇ ಹಾಗೆ ಮಾಡುತ್ತಿದ್ದೇನೆ ಎಂದರು.

ಮೊದಲ ಕೆಲವು ತಿಂಗಳು ಹಿಗ್ಗಿದ್ದೆ ಎಂದು ಅವರೇ ಮಾತು ಮುಂದುವರಿಸಿದರು. ಊರೆಲ್ಲ ಹೊಗಳುವುದು ಯಾರಿಗೆ ಬೇಡ. ಆಮೇಲೆ ಒಂದು ದಿನ ಗಂಡಹೆಂಡಿರಿಗೆ ಏನೋ ಮಾತಿಗೆ ಮಾತು ಬಂತು. ಮಧ್ಯಾಹ್ನ ಹೂವು ಕೊಡಲು ಬಂದವಳು ಮೊಳ ಅಳೆಯುತ್ತ, ಯಜಮಾನರು ಬೈದರೇನಮ್ಮ ಎಂದು ಕೇಳಿದಳು. ಇನ್ನೊಂದು ದಿನ ಮೈ ಹುಷಾರಿಲ್ಲದೆ ಏನೋ ಬೇಯಿಸಿ ಹಾಕಿದರೆ, ಸಂಜೆಗೆ ಕಷಾಯದ ಗಿಂಡಿ ಹಿಡಿದು ಪಕ್ಕದ ಬೀದಿಯವರು ಬಂದರು. ನೋವಾದರೂ ನಲಿವಾದರೂ ಮೊದಲನೇ ಪಂಕ್ತಿ ಏಳುವ ಹೊತ್ತಿಗೆ ಊರಿಗೆ ಗೊತ್ತು. ಒಲೆಯ ಮುಂದೆ ನಿಂತರೆ ಬೆನ್ನ ಹಿಂದೆ ಊರೇ ನಿಂತು ನೋಡುತ್ತಿದೆ ಅನ್ನಿಸತೊಡಗಿತು.

ಅವರು ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದರು.

“ನಮ್ಮಕ್ಕ ಹೋದಳಲ್ಲ ಪದ್ದಕ್ಕ, ಅವತ್ತು ಬೆಳಿಗ್ಗೆ ಸುದ್ದಿ ಬಂತು. ಇವರು ಹರಾಜಿಗೆ ಹೋಗಿದ್ರು. ಒಲೆ ಮೇಲೆ ಇಟ್ಟಿದ್ನ ಇಳಿಸಿ, ಒಂದು ಗಳಿಗೆ ಕೂತ್ಕಳಣ ಅಂತ ಕೂತೆ. ಅಷ್ಟರಲ್ಲಿ ಬೀದಿ ಹೆಂಗಸರೆಲ್ಲ ಬಂದು ತಬ್ಕಂಡು ಅಳಕ್ಕೆ ಶುರು ಮಾಡಿದ್ರು. ನಾನಿನ್ನೂ ಅತ್ತೇ ಇರ್ಲಿಲ್ಲ. ಅವ್ರನ್ನ ಸಮಾಧಾನ ಮಾಡದ್ರಲ್ಲೇ ಆಗೋಯ್ತು. ಇವತ್ತಿಗೂ ಅತ್ತಿಲ್ಲ ನಾನು.”

ಅವತ್ತಿನ ಸಾರು ನನಗೂ ನೆನಪಿತ್ತು. ಅದು ಗಂಟಲಲ್ಲಿ ಇಳಿದಿರಲಿಲ್ಲ. ಯಾರೋ ಹತ್ತಿರದವರು ಹೋಗಿದ್ದಾರೆ ಎಂದು ಪಂಕ್ತಿಯಲ್ಲಿ ಕೂತವರೇ ಹೇಳಿದ್ದರು. ಅದು ಸುದ್ದಿಯಾಗಿ ಓಡಿದ್ದು ನಮ್ಮ ಬಾಗಿಲಿನಿಂದಲೇ.

ಅದಾದ ಮೇಲೆ ಏನೂ ಇಲ್ಲದ ಅಡುಗೆ ಮಾಡಲು ಕಲಿತೆ ಎಂದರು. ಉಪ್ಪಿಲ್ಲ ಹುಳಿಯಿಲ್ಲ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಕ್ಕಿ ಕೊಡುವುದು ಅವರು, ದುಡ್ಡು ಅವರದು, ಹೆಸರೂ ಅವರದೇ ಇರಲಿ, ಆದರೆ ಬಡಿಸಿ ಹಂಚುವುದು ನನ್ನನ್ನು, ನನ್ನನ್ನು ಒಂದು ಮಾತು ಯಾರೂ ಕೇಳಲಿಲ್ಲ ಎಂದರು. ಈ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ಎದ್ದು ಹೊರಟಾಗ ಅವರೇ ಬಾಗಿಲ ತನಕ ಬಂದರು.

“ಜನ ಉಣ್ದಂಗೆ ಎದ್ದೋಗ್ತಾರೆ ಅಂತೀರಲ್ಲ, ಅದು ನಂಗೆ ಗೊತ್ತಿರ್ಲಿಲ್ಲ. ನೀವು ಹಾಕು ಅಂದ್ರೆ ನಾಳೆಯಿಂದ ಉಪ್ಪು ಹುಳಿ ಎಲ್ಲಾನೂ ಹಾಕ್ತೀನಿ. ನೀವು ಹೇಳಿ ಪದ್ದಕ್ಕ.”

ನಾನು ಹಾಕಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಬರುತ್ತೇನೆ ತಾಯಿ ಎಂದು ಬಂದುಬಿಟ್ಟೆ. ಆಸ್ಪತ್ರೆಯ ಜಗಲಿಯ ಮುಂದೆ ಹಾದು ಬರುವಾಗ ಅಲ್ಲಿ ಮಲಗಿದ್ದವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹಾಕಿ ಎಂದಿದ್ದರೆ ಸಾಕಿತ್ತು. ನಾಳೆಯೇ ಘಮಘಮ ಸಾರು, ಅದೂ ಎಂದೆಂದಿಗೂ, ನಾವೆಲ್ಲ ಸತ್ತ ಮೇಲೂ. ಒಬ್ಬ ಹೆಂಗಸು ತನ್ನ ಮನೆಯಲ್ಲಿ ಅಳಲಾಗುವುದಿಲ್ಲ ಎನ್ನುವುದನ್ನು ಇಷ್ಟು ಜನರ ಹಸಿವಿನ ಎದುರಿಗೆ ಹೇಗೆ ಇಡುವುದು? ಇಟ್ಟು ನೋಡುವುದಕ್ಕೂ ನಾನು ಯಾರು? ಸಭೆಯ ದಿನದವರೆಗೆ ಊಟ ನನಗೂ ಸೇರಲಿಲ್ಲ, ಅದಕ್ಕೆ ಸಪ್ಪೆ ಸಾರು ಕಾರಣವಲ್ಲ.

ಸಭೆಗೆ ಶೆಟ್ಟರು ಜರಿಪಂಚೆ ಉಟ್ಟು ಬಂದಿದ್ದರು. ವಾಮನರಾಯರು ಪತ್ರವನ್ನು ಎರಡು ಸಲ ಓದಿದರು. ರುಜು ಹಾಕಲು ಶೆಟ್ಟರು ಪೆನ್ನಿನ ಟೋಪಿ ತೆಗೆದಾಗ ನಾನು ಎದ್ದೆ. ಪತ್ರದಲ್ಲಿ ಕೊಡುವವರ ರುಜು ಇದೆ, ಪಡೆಯುವವರ ರುಜು ಇದೆ, ಅಡುಗೆ ಯಾರ ಕೈಯದೋ ಅವರ ಒಪ್ಪಿಗೆಯೂ ಇರಲಿ ಎಂದೆ. ಶೆಟ್ಟರು ನಕ್ಕರು. ನಾನು ಬೇರೆ ಅವಳು ಬೇರೆಯೇ ಟೀಚರಮ್ಮ ಎಂದರು. ಹಾಗಿದ್ದರೆ ಕೇಳುವುದಕ್ಕೆ ಏನು ತೊಂದರೆ ಎಂದೆ. ವಾಮನರಾಯರು ಕಣ್ಣಲ್ಲೇ ನನ್ನನ್ನು ಕೂರು ಕೂರು ಎನ್ನುತ್ತಿದ್ದರು. ಶೆಟ್ಟರಿಗೆ ಹೆಂಡತಿಯ ಉತ್ತರದ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಂಡಿಯ ಗುಮಾಸ್ತನನ್ನು ಕಳಿಸಿ ಕರೆಸಿದರು.

ಅಚ್ಚಮ್ಮ ಸೆರಗು ಹೊದ್ದು ಬಂದು ಬಾಗಿಲಲ್ಲೇ ನಿಂತರು. ನಾನು ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ. ಶೆಟ್ಟರು, ನೋಡು, ಬರೆದುಕೊಡುತ್ತಿದ್ದೇನೆ, ನಿನಗೂ ಒಪ್ಪಿಗೆ ಎಂದು ಒಂದು ಮಾತು ಹೇಳು ಎಂದರು. ಅಚ್ಚಮ್ಮ ನನ್ನ ಕಡೆ ಒಮ್ಮೆ ನೋಡಿ, ಗಂಡನ ಕಡೆ ತಿರುಗಿದರು.

“ಒಪ್ಪಿಗೆ ಇಲ್ಲ. ನೀವು ಕೊಡಿ, ಎಷ್ಟಾದ್ರೂ ಕೊಡಿ. ನನ್ನ ಕೊಡಬೇಡಿ.”

ಶೆಟ್ಟರ ಮುಖ ಕೆಂಪಾಯಿತು. ಊರು ನಿನ್ನನ್ನು ಹೊಗಳಲಿ ಎಂದಲ್ಲವೇ ನಾನು ಇದನ್ನೆಲ್ಲ ಮಾಡಿದ್ದು ಎಂದರು. ಅದು ನಿಜವೂ ಆಗಿತ್ತು, ಆ ಮನುಷ್ಯನಿಗೆ ಹೆಂಡತಿಯ ಸಾರಿನ ಮೇಲೆ ಇದ್ದ ಹೆಮ್ಮೆ ಮಂಡಿಯ ಮೇಲೂ ಇರಲಿಲ್ಲ. ಅಚ್ಚಮ್ಮ ನನಗೆ ಹೇಳಿದ್ದನ್ನೆಲ್ಲ ಹೇಳಲಿಲ್ಲ. ಅಕ್ಕ ಹೋದ ದಿನದ ಮಾತು ಮಾತ್ರ ಹೇಳಿದರು. ಅಂದಿನಿಂದ ಬೇಕೆಂದೇ ಸಪ್ಪೆ ಮಾಡುತ್ತಿದ್ದೇನೆ ಎಂದರು.

“ಬೇಕಂತ ಮಾಡ್ತಿದ್ದಾ?” ಶೆಟ್ಟರು ಮೆಲ್ಲಗೆ ಕೇಳಿದರು. “ನಾನು ನನ್ನ ನಾಲಗೆ ಸತ್ತೋಯ್ತು ಅಂತ ನಿಂಬೆ ಸಿಪ್ಪೇಲಿ ಉಜ್ಕಂಡು ಉಜ್ಕಂಡು ಬಾಯೆಲ್ಲ ಹುಣ್ಣು ಮಾಡ್ಕಂಡಿದ್ದೀನಲ್ಲೇ.”

ಯಾರೂ ನಗಲಿಲ್ಲ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು, ತಡೆದುಕೊಂಡೆ. ಶೆಟ್ಟರು ಮೇಜಿನ ಮೇಲಿನ ಪತ್ರವನ್ನು ವಾಮನರಾಯರ ಕಡೆಗೆ ತಳ್ಳಿದರು. ಇವಳ ಅಕ್ಕ ಹೋದದ್ದು ನನಗೂ ಹರಾಜಿನ ಕಟ್ಟೆಯಲ್ಲಿ ಯಾರೋ ಊಟದ ಮನೆಯಿಂದ ಬಂದವರು ಹೇಳಿಯೇ ಗೊತ್ತಾದದ್ದು, ಅವತ್ತು ನನಗೂ ಕೆಡುಕೆನಿಸಿತ್ತು, ಯಾಕೆಂದು ಹೊಳೆದಿರಲಿಲ್ಲ ಎಂದರು. ಪೆನ್ನಿಗೆ ಟೋಪಿ ಹಾಕಿದರು. ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಮನೆಗೆ ಹೊರಟರು. ವಾಮನರಾಯರು ಪತ್ರವನ್ನು ಮಡಿಚಿ ಜೇಬಿಗೆ ಹಾಕಿಕೊಂಡವರು ನನ್ನ ಜೊತೆ ಮಾತು ಬಿಟ್ಟರು. ಅವರ ತಪ್ಪೇನೂ ಇಲ್ಲ.

ಹಳೆಯ ಮಡಕೆಗಳನ್ನು ಅಟ್ಟದಿಂದ ಇಳಿಸಿ ಎಂದು ನಾನು ಬೀದಿಬೀದಿ ತಿರುಗಿದೆ. ಮಡಕೆ ಇಳಿಸುವುದು ಅಷ್ಟು ಸುಲಭವಾಗಿರಲಿಲ್ಲ. ಕೈಗೆ ಕೊಡುವ ಅಭ್ಯಾಸ ತಪ್ಪಿಹೋಗಿತ್ತು. ಶೆಟ್ಟರು ಕೊಡುವುದಿಲ್ಲವಾ ಎಂದು ಕೇಳಿದವರು ಕೆಲವರು, ನೋಡೋಣ ಎಂದವರು ಬಹಳ ಮಂದಿ. ಬೈದವರೂ ಇದ್ದರು, ಮನೆಯ ಮುಂದೆ ಬಂದ ಲಕ್ಷ್ಮಿಯನ್ನು ಒದ್ದವಳು ನೀನು ಎಂದು. ಸಭೆಯಲ್ಲಿ ಒಂದು ಹೊಸ ನಿಬಂಧನೆ ಮಾಡಿದೆವು, ರುಚಿಯಲ್ಲಿ ಎದ್ದು ಕಾಣುವಷ್ಟನ್ನು ಯಾವ ಮನೆಯಿಂದಲೂ ತೆಗೆದುಕೊಳ್ಳಕೂಡದು, ಮದುವೆಯ ನೆಪದ ಊಟವನ್ನೂ ಸೇರಿಸಿ. ಇದರಿಂದ ಹೆಣ್ಣು ಹೆತ್ತವರ ಕೋಪವೂ ನನ್ನ ತಲೆಗೇ ಬಂತು. ಮರಿಶೆಟ್ಟರು ಅಧ್ಯಕ್ಷಗಿರಿ ಬಿಟ್ಟರು. ಆದರೆ ಒಂದು ದಿನ ಅವರ ಮಂಡಿಯ ಗಾಡಿ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಕಾಲುನಡಿಗೆಯಲ್ಲಿ ನಮಗೆ ಮುಟ್ಟಲಾಗದ ಹೊರಗೇರಿಗಳಿಂದ ಅಕ್ಕಿ ತರಲು ವಾರಕ್ಕೊಂದು ದಿನ ಗಾಡಿ, ಎತ್ತು, ಆಳು ಎಲ್ಲ ಅವರದೇ. ಗಾಡಿಗೆ ರುಚಿ ಇರುವುದಿಲ್ಲವಲ್ಲ ಟೀಚರಮ್ಮ ಎಂದು ಕೇಳಿ ಕಳಿಸಿದ್ದರು.

ಆದರೂ ಮಳೆಗಾಲ ಬಂದೇ ಬಂತು. ಗಾಡಿ ಕೆಸರಿನಲ್ಲಿ ಹೂತಿತು. ಕೆಲವು ದಿನ ಅನ್ನದ ಬದಲು ಗಂಜಿ ಕೊಟ್ಟೆವು, ಕೆಲವು ದಿನ ಗಂಜಿಗೂ ಇರಲಿಲ್ಲ. ಬಾಗಿಲಲ್ಲಿ ನಿಂತು ಇವತ್ತು ಇಲ್ಲ ಎಂದು ಹೇಳುವ ಕೆಲಸವನ್ನು ನಾನು ಬೇರೆ ಯಾರಿಗೂ ಬಿಡಲಿಲ್ಲ. ನಾಚಿಕೆಯಾಗುತ್ತಿತ್ತು. ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದ ಒಬ್ಬಳು, ನೀವೇ ಅಂತೆ ಬರೋದನ್ನ ಬೇಡ ಅಂದೋರು ಎಂದು ಮುಖಕ್ಕೆ ಹೇಳಿದಳು. ಹೌದು ನಾನೇ ಎಂದೆ. ಮಳೆ ಹಿಡಿಯುವ ಮೊದಲೇ ಒಂದಿಷ್ಟು ಕೂಡಿಡಬೇಕು ಎನ್ನುವ ಬುದ್ಧಿ ಆಗ ಬಂತು. ಹೂವಿನವಳೇ ಅದನ್ನು ಸಭೆಯಲ್ಲಿ ಹೇಳಿದ್ದು. ದಿನಾ ಒಂದು ಹಿಡಿ, ಹಬ್ಬದ ದಿನ ಎರಡು, ಆ ಎರಡನೆಯದನ್ನು ಮುಟ್ಟಬಾರದು ಎಂದು ಅವಳು ವಾದ ಮಾಡಿದಳು. ಕ್ಷೌರದವನು ಅದಕ್ಕೆ ಏನೋ ಕೊಂಕು ತೆಗೆದ. ಜಗಳ ಬಹಳ ಹೊತ್ತು ನಡೆಯಿತು. ವಾಮನರಾಯರು ಅಂದು ಮೊದಲ ಸಲ ನನ್ನ ಕಡೆ ತಿರುಗಿ, ತಲೆನೋವಿಗೆ ಏನಾದರೂ ಇದೆಯಾ ಟೀಚರಮ್ಮ ಎಂದು ಕೇಳಿದರು. ನನ್ನ ಚೀಲದಲ್ಲಿದ್ದ ಮುಲಾಮು ತೆಗೆದುಕೊಟ್ಟೆ.

ಮಳೆ ನಿಂತು ಬಿಸಿಲು ಬಿದ್ದ ಒಂದು ದಿನ, ಎರಡನೆಯ ಪಂಕ್ತಿಗೆ ಬಡಿಸುತ್ತಿದ್ದೆ. ಸಾಲಿನ ಕೊನೆಯಲ್ಲಿ, ಕಾಲು ಮುರಿದ ಗಂಡನನ್ನು ಸೇರಿಸಿ ಬಂದ ಒಬ್ಬಳ ಪಕ್ಕದಲ್ಲಿ, ಅಚ್ಚಮ್ಮ ಎಲೆ ಹಾಕಿಕೊಂಡು ಕೂತಿದ್ದರು. ಕಣ್ಣು ಸ್ವಲ್ಪ ಊದಿತ್ತು. ಬೆಳಿಗ್ಗೆಯೆಲ್ಲ ಅತ್ತ ಕಣ್ಣು ಅದು, ನೋಡಿದರೆ ಗೊತ್ತಾಗುತ್ತಿತ್ತು. ಪಕ್ಕದವಳು ಅವರನ್ನು ಯಾರ ಜೊತೆ ಬಂದಿದ್ದೀರಿ ಎಂದು ಕೇಳುತ್ತಿದ್ದಳು, ಅವರು ಏನೋ ಹೇಳಿ ಸುಮ್ಮನಾದರು. ಆ ವಾರ ಅವರ ಮನೆಯ ಹಿಡಿಯೂ ಎಲ್ಲರದರ ಜೊತೆ ಕೊಪ್ಪರಿಗೆಗೆ ಬಿದ್ದಿತ್ತು. ನಾನು ಮಾತಾಡಿಸದೆ ಅನ್ನ ಬಡಿಸಿ ಸಾರು ಹಾಕಿದೆ. ಅವರು ಒಂದು ತುತ್ತು ಕಲಸಿ ಬಾಯಿಗಿಟ್ಟು ನಿಧಾನವಾಗಿ ಅಗಿದರು. ಇನ್ನೊಂದು ತುತ್ತು ಉಂಡರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡರು. ಅಕ್ಕಪಕ್ಕದ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದರು. ಎಲ್ಲರೂ ತಮ್ಮ ಪಾಡಿಗೆ ಉಣ್ಣುತ್ತಿದ್ದರು. ಯಾರೂ ತಲೆಯೆತ್ತಿ ಏನೂ ಕೇಳಲಿಲ್ಲ.

“ಇದರಲ್ಲಿ ನಾನು ಎಲ್ಲೂ ಇಲ್ಲ ಅಲ್ವಾ ಪದ್ದಕ್ಕ?” ಎಂದು ಮೆಲ್ಲಗೆ ಕೇಳಿದರು.

ಎಲ್ಲೂ ಇಲ್ಲ ಎಂದೆ.

“ಹಂಗಾದ್ರೆ ಇನ್ನೊಂದು ಸೌಟು ಹಾಕಿ.”